ಕೈ ಒಳಗೆ ಯಾಕೆ ಹೋಗುತ್ತೆ?

ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ 60 ಟನ್ ಹೈಡ್ರಾಲಿಕ್ ಪ್ರೆಸ್ ಮಾಡಿಕೊಟ್ಟಿದ್ದೆವು. ಡಿಸೈನ್ ನನ್ನದೇ. ಮೂರು ತಿಂಗಳಾದ ಮೇಲೆ ಆಯಿಲ್ ಸೋರುತ್ತಿದೆ ಅಂತ ಫೋನ್ ಬಂತು. ಹೋಗಿ ನೋಡಿದರೆ ಸೋರಿಕೆ ದೊಡ್ಡದಲ್ಲ, ಒಂದು ಸೀಲಿನ ಕೆಲಸ. ಆದರೆ ಗಾರ್ಡ್ ಬಾಗಿಲು ತೆರೆದೇ ಇತ್ತು, ಪ್ರೆಸ್ ಓಡುತ್ತಲೇ ಇತ್ತು! ಬಾಗಿಲು ತೆರೆದರೆ ಪ್ರೆಸ್ ನಿಲ್ಲಿಸಬೇಕಾದ ಲಿಮಿಟ್ ಸ್ವಿಚ್ಚಿನ ರೋಲರನ್ನು ಬೈಂಡಿಂಗ್ ವೈರಿನಿಂದ ಬಿಗಿದು ಕಟ್ಟಿದ್ದರು.

ಸಿಟ್ಟು ಬಂತು. ಆಪರೇಟರ್ ಹುಡುಗನನ್ನು ಕೇಳಿದೆ.

"ಪೀಸು ಡೈನಲ್ಲೇ ಕಚ್ಕೊಳ್ಳುತ್ತೆ ಸಾರ್. ಬಾಗಿಲು ತೆಗೆದ್ರೆ ಪಂಪೇ ಆಫ್ ಆಗುತ್ತೆ. ಟಾರ್ಗೆಟ್ ಹೆಂಗೆ ಮುಟ್ಟೋದು?"

ಅವನ ಕೈಯಲ್ಲಿ ತುದಿ ಸೊಟ್ಟಗಾದ ಸ್ಕ್ರೂಡ್ರೈವರ್ ಇತ್ತು. ಡೈ ಅಂದರೆ ಪೀಸಿಗೆ ಆಕಾರ ಕೊಡುವ ಅಚ್ಚು; ಅದರಿಂದ ಪೀಸನ್ನು ಆ ಸ್ಕ್ರೂಡ್ರೈವರಿನಲ್ಲೇ ಎಬ್ಬಿಸುತ್ತಿದ್ದ.

ಆಫೀಸಿಗೆ ಬಂದು ನನ್ನ ರಿಸ್ಕ್ ಶೀಟ್ ತೆಗೆದೆ. "ಕೈ ಡೈಗೆ ಸಿಕ್ಕುವ ಅಪಾಯ: ಗಾರ್ಡ್ ಇದೆ." ಅಷ್ಟೇ. ಐಎಸ್‌ಒ 12100 (ಯಂತ್ರ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ) ಹೇಳುವ ಕ್ರಮ ನನಗೆ ಬಾಯಿಪಾಠ: ಮೊದಲು ಡಿಸೈನಿನಲ್ಲೇ ಅಪಾಯ ತೆಗೆ, ಆಗದಿದ್ದರೆ ಗಾರ್ಡ್ ಹಾಕು, ಉಳಿದದ್ದಕ್ಕೆ ಬೋರ್ಡು ಮತ್ತು ತರಬೇತಿ. ನಾನು ನೇರ ಎರಡನೆಯದಕ್ಕೆ ಹಾರಿದ್ದೆ. ಪೀಸು ಕಚ್ಚಿಕೊಂಡರೆ ಏನು ಮಾಡ್ತಾರೆ ಅಂತ ಶೀಟಿನಲ್ಲಿ ಒಂದು ಸಾಲೂ ಇರಲಿಲ್ಲ.

ಮರುದಿನ ಪ್ರೆಸ್ ಪಕ್ಕ ಸ್ಟೂಲ್ ಹಾಕಿಕೊಂಡು ಸುಮ್ನೆ ಕೂತು ಎಣಿಸಿದೆ. ಒಂದು ಗಂಟೆಯಲ್ಲಿ 26 ಸಲ ಕೈ ಒಳಗೆ ಹೋಯಿತು. ಗಾರ್ಡ್ ಎಷ್ಟೇ ಗಟ್ಟಿ ಇದ್ದರೂ 26 ಸಲ ತೆಗೆಯಬೇಕಾದರೆ ಯಾರಾದರೂ ವೈರ್ ಕಟ್ಟೇ ಕಟ್ಟುತ್ತಾರೆ, ಅಲ್ವಾ?

ಡೈಗೆ ಸ್ಪ್ರಿಂಗ್ ಇರುವ ಎಜೆಕ್ಟರ್ ಪಿನ್ ಹಾಕಿದೆವು. ಪೀಸು ತಾನೇ ಮೇಲೇಳತೊಡಗಿತು. ಅದನ್ನು ಹೊರಗಿನಿಂದಲೇ ಇಟ್ಟು ತೆಗೆಯಲು ಜಾರುವ ಟ್ರೇ ಮಾಡಿದೆವು. ಅಲ್ಲೊಂದು ಹೊಸ ತೊಂದರೆ: ಒಳಗೆ ಹೋಗುವ ಟ್ರೇಗೂ ಫ್ರೇಮಿಗೂ ನಡುವೆ 10 ಮಿಮೀ ಸಂದು. ಬೆರಳು ಜಜ್ಜಲು ಹೇಳಿ ಮಾಡಿಸಿದ ಜಾಗ. ಬೆರಳಿಗೆ ಕನಿಷ್ಠ 25 ಮಿಮೀ ಬೇಕು, ನಾವು 30 ಬಿಟ್ಟೆವು.

ಬಾಗಿಲಿನ ಬದಲು ಲೈಟ್ ಕರ್ಟನ್ (ಬೆಳಕಿನ ಕಿರಣಗಳ ಪರದೆ, ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುತ್ತೆ) ಹಾಕಿ, ಪಕ್ಕ ಮತ್ತು ಹಿಂದೆ ಶೀಟಿನಿಂದ ಮುಚ್ಚಿದೆವು. ಫ್ಯಾಬ್ರಿಕೇಟರ್ ಕರ್ಟನ್ನನ್ನು ಡೈನಿಂದ 200 ಮಿಮೀ ದೂರಕ್ಕೆ ಕೂರಿಸಿದ್ದರು, ನೋಡೋಕೆ ಚೆನ್ನಾಗಿದೆ ಅಂತ. ರ‍್ಯಾಮ್ (ಮೇಲಿನಿಂದ ಇಳಿದು ಪೀಸನ್ನು ಒತ್ತುವ ಭಾಗ) ನಿಲ್ಲುವ ಸಮಯ ಅಳೆದೆವು: ಕರ್ಟನ್ನಿನದೂ ಸೇರಿ 0.2 ಸೆಕೆಂಡ್. ಕೈಯ ವೇಗ ಸೆಕೆಂಡಿಗೆ 2000 ಮಿಮೀ ಅಂತ ಹಿಡಿಯಬೇಕು. ಅಂದರೆ ಪ್ರೆಸ್ ನಿಲ್ಲುವಷ್ಟರಲ್ಲಿ ಕೈ 400 ಮಿಮೀ ಹೋಗಿರುತ್ತದೆ. ನಮ್ಮ ಕರ್ಟನ್ 14 ಮಿಮೀ ದಪ್ಪದ ಬೆರಳನ್ನೂ ಗುರುತಿಸುವಂಥದ್ದು, ಬೆರಳು ಗೊತ್ತಾಗದೆ ಒಳಗೆ ತೂರಲ್ಲ, ಹಾಗಾಗಿ ಅದಕ್ಕಿಂತ ಜಾಸ್ತಿ ಕೂಡಿಸಬೇಕಿರಲಿಲ್ಲ. ಬ್ರಾಕೆಟ್ ಕಟ್ ಮಾಡಿಸಿ ಹಿಂದಕ್ಕೆ ಸರಿಸಿದೆವು.

ಇಷ್ಟೆಲ್ಲ ಮುಗಿಸಿ ಕೈ ಒರೆಸಿಕೊಳ್ಳುವಾಗ ಅಲ್ಲಿನ ಹಿರಿಯ ಫಿಟ್ಟರ್ ಕೇಳಿದರು: "ಡೈ ಬದಲಾಯಿಸುವಾಗ ಪಂಪ್ ಆಫ್ ಇರುತ್ತೆ. ಪೈಪ್ ಕಿತ್ಕೊಂಡ್ರೆ ಮೇಲಿನ ಭಾರ ನನ್ನ ಮೇಲೇ ಅಲ್ವಾ?"

ಕರ್ಟನ್ ಅದಕ್ಕೆ ಏನೂ ಮಾಡಲಾರದು. ರ‍್ಯಾಮ್ ಕೆಳಗೆ ಇಡುವ ಸೇಫ್ಟಿ ಬ್ಲಾಕ್ ಮಾಡಿಸಿದೆವು. ಅದನ್ನು ಸ್ಟ್ಯಾಂಡಿನಿಂದ ಎತ್ತಬೇಕಾದರೆ ಪ್ಲಗ್ ಕೀಳಬೇಕು, ಕಿತ್ತರೆ ಪಂಪ್ ಸ್ಟಾರ್ಟೇ ಆಗಲ್ಲ. ಬೇರೆ ಮಶಿನ್‌ನವರು ಹೊತ್ತುಕೊಂಡು ಹೋಗದಿರಲಿ ಅಂತ ಫಿಟ್ಟರ್ ಅದಕ್ಕೊಂದು ಸರಪಳಿ ಹಾಕಿದ್ದಾರೆ.