ಬೇಸಿಗೆಯ ಬುತ್ತಿಗೆ ಜೋಳದ ಖಾರ ಬ್ರೆಡ್

ಚಿಂಚೋಳಿಯ ಚಂದ್ರಂಪಳ್ಳಿ ಡ್ಯಾಮಿಗೋ ಬೀದರ್ ಕೋಟೆಗೋ ಹೊರಟರೆ ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಇದ್ದೇ ಇರುತ್ತದೆ. ಮಕ್ಕಳು ಬ್ರೆಡ್ ಕೇಳುತ್ತಾರೆ. ಆದರೆ ಸೀಲಿಯಾಕ್ ಕಾಯಿಲೆ ಇರುವ ಮಗು ಗೋಧಿ, ಮೈದಾ, ರವೆ ಯಾವುದನ್ನೂ ಮುಟ್ಟುವಂತಿಲ್ಲ. ಎಲ್ಲದರಲ್ಲೂ ಗ್ಲುಟೆನ್ ಎಂಬ ಪ್ರೋಟೀನ್ ಇದೆ, ಈ ಕಾಯಿಲೆಯಲ್ಲಿ ಅದು ಕರುಳಿಗೆ ಹಾನಿ ಮಾಡುತ್ತದೆ. ನಮ್ಮ ಬಿಳಿಜೋಳದಲ್ಲಿ ಅದು ಇಲ್ಲ. ಹಾಗಿದ್ದ ಮೇಲೆ ಬ್ರೆಡ್ಡನ್ನೂ ಜೋಳದಲ್ಲೇ ಮಾಡಬಹುದಲ್ವಾ?

ಮೊದಲು ಹಿಟ್ಟಿನ ಮಾತು. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿದರೆ ಗೋಧಿ ಹಿಟ್ಟು ಬೆರೆತೇ ಬರುತ್ತದೆ. ಕಾಯಿಲೆ ಇದ್ದವರಿಗೆ ಅಷ್ಟೇ ಸಾಕು, ಹೊಟ್ಟೆ ಕೆಡುತ್ತದೆ. ಜೋಳ ಮಾತ್ರ ಬೀಸುವ ಗಿರಣಿ ಹುಡುಕಿ, ಇಲ್ಲವೇ ಮನೆಯಲ್ಲೇ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಜರಡಿ ಹಿಡಿಯಿರಿ. ಡಬ್ಬಿಯ ಇಂಗು ಹಾಕಬೇಡಿ, ಅದಕ್ಕೆ ಬಹಳ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಹಿಟ್ಟು ಹೊಸದಿರಲಿ, ಹಳೆಯದರಲ್ಲಿ ಜಿಗಿ ಇರುವುದಿಲ್ಲ.

ಬೇಕಾಗುವುದು: ಜೋಳದ ಹಿಟ್ಟು 200 ಗ್ರಾಂ, ಕಡ್ಲಿ ಹಿಟ್ಟು 50 ಗ್ರಾಂ, ಇಸಬಗೋಲ್ (ನೀರು ಹೀರಿ ಲೋಳೆಯಾಗುವ ಬೀಜದ ಹೊಟ್ಟು) 3 ದೊಡ್ಡ ಚಮಚ, ಹುಳಿ ಮೊಸರು 120 ಗ್ರಾಂ, ಎಣ್ಣೆ 3 ದೊಡ್ಡ ಚಮಚ, ಬೇಕಿಂಗ್ ಪೌಡರ್ 2 ಸಣ್ಣ ಚಮಚ, ಅಡುಗೆ ಸೋಡಾ ಕಾಲು ಸಣ್ಣ ಚಮಚ, ಉಪ್ಪು 1 ಸಣ್ಣ ಚಮಚ. ರುಚಿಗೆ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು, ಹಸಿ ಮೆಣಸಿನಕಾಯಿ, ಅಜವಾನ, ಎಳ್ಳು.

ಗೋಧಿ ಬ್ರೆಡ್ಡಿನಲ್ಲಿ ಗಾಳಿಯನ್ನು ಹಿಡಿದಿಡುವುದು ಗ್ಲುಟೆನ್. ಅದಿಲ್ಲದಿದ್ದರೆ ಬ್ರೆಡ್ ಪುಡಿಪುಡಿ. ದಾರಿ ರೊಟ್ಟಿ ಬಡಿಯುವವರಿಗೆ ಗೊತ್ತೇ ಇದೆ: ಎಸರು. 100 ಗ್ರಾಂ ಜೋಳದ ಹಿಟ್ಟಿನ ಮೇಲೆ 200 ಮಿಲಿ ಕುದಿಯುವ ನೀರು ಸುರಿದು, ಸೌಟಿನಿಂದ ಗಂಟಿಲ್ಲದಂತೆ ತಿರುವಿ. ಪಿಷ್ಟ ಬೆಂದು ಹಿಟ್ಟು ಹೊಳೆಯುತ್ತದೆ, ಜಿಗುಟಾಗುತ್ತದೆ. ಇಸಬಗೋಲ್ ಬೆರೆಸಿ, ಪೂರ್ತಿ ಆರಲು ಬಿಡಿ. ಈ ಹಂತದಲ್ಲಿ ಅವಸರ ಮಾಡಿದರೆ ಮುಂದೆ ಏನೂ ಸರಿಹೋಗುವುದಿಲ್ಲ.

ಉಳ್ಳಾಗಡ್ಡಿ, ಮೆಂತ್ಯೆಯನ್ನು ಎಣ್ಣೆಯಲ್ಲಿ ನೀರಾರುವವರೆಗೆ ಹುರಿಯಿರಿ. ಹಸಿಯಾಗಿ ಹಾಕಿದರೆ ನೀರು ಬಿಟ್ಟು ಬ್ರೆಡ್ ಬೇಗ ಹಳಸುತ್ತದೆ. ತಣ್ಣಗಾದ ಮೇಲೆ ಉಳಿದ ಹಿಟ್ಟು, ಮೊಸರು, ಉಪ್ಪು, ಮಸಾಲೆ ಎಲ್ಲ ಸೇರಿಸಿ. ಹದ ವಡೆ ಹಿಟ್ಟಿನಂತಿರಲಿ. ಗಟ್ಟಿ ಅನಿಸಿದರೆ ಚೂರು ನೀರು. ಸೋಡಾ, ಬೇಕಿಂಗ್ ಪೌಡರ್ ಕೊನೆಗೆ. ಮೊಸರಿನ ಹುಳಿ ತಾಗಿದ ಕೂಡಲೇ ಗಾಳಿ ಏಳುತ್ತದೆ, ಆಮೇಲೆ ಕಾಯಬೇಡಿ.

ಎಣ್ಣೆ ಸವರಿದ ಬ್ರೆಡ್ ಡಬ್ಬಿಗೆ ಹಾಕಿ, ಒದ್ದೆ ಕೈಯಿಂದ ನೇರ ಮಾಡಿ, ಮೇಲೆ ಎಳ್ಳು ಉದುರಿಸಿ. ಮೊದಲೇ ಕಾಯಿಸಿಟ್ಟ ಓವನ್‌ನಲ್ಲಿ 180 ಡಿಗ್ರಿಗೆ 45ರಿಂದ 50 ನಿಮಿಷ. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟಬಾರದು.

ಬಿಸಿಯಿರುವಾಗ ಕೊಯ್ದರೆ ಒಳಗೆ ಅಂಟಂಟು. ಕನಿಷ್ಠ 2 ಗಂಟೆ ಬಿಡಿ. ಹಿಂದಿನ ರಾತ್ರಿ ಮಾಡಿ ಬೆಳಿಗ್ಗೆ ಕೊಯ್ಯುವುದೇ ನನಗೆ ಸರಿ ಅನಿಸುತ್ತದೆ.

ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬ್ರೆಡ್ ಬೆವರುತ್ತದೆ, ಹತ್ತಿ ಬಟ್ಟೆಯಲ್ಲಿ ಸುತ್ತಿ. ಕಾಯಿ ಚಟ್ನಿ ಬೇಡ, ಶೇಂಗಾ ಹಿಂಡಿ ಮತ್ತು ಸೌತೆಕಾಯಿ ಸಾಕು. ಮಧ್ಯಾಹ್ನಕ್ಕೇ ತಿಂದು ಮುಗಿಸಿ. ಮನೆಯಲ್ಲಿ ಒಂದಿಷ್ಟು ತೆಗೆದಿಟ್ಟಿದ್ದರೆ ಫ್ರಿಜ್‌ನಲ್ಲಿಡಿ, ಮರುದಿನ ತವೆಯ ಮೇಲೆ ತುಪ್ಪ ಹಾಕಿ ಎರಡೂ ಕಡೆ ಕೆಂಪಗೆ ಮಾಡಿಕೊಳ್ಳಿ.