ಹಿನ್ನೀರ ದಂಡೆಯಲ್ಲಿ ಒಂದು ಟೆಂಟು: ಜನಸಂದಣಿಯಿಂದ ದೂರದ ಜಾಗ ಹುಡುಕುವ ಬಗೆ

ನೀರಿನ ಪಕ್ಕದಲ್ಲಿ ಟೆಂಟ್ ಹಾಕಿ ರಾತ್ರಿ ಕಳೆದು, ಬೆಳಿಗ್ಗೆ ಅಲ್ಲಿಂದಲೇ ಗುಡ್ಡದ ಕಾಲುದಾರಿ ಹಿಡಿಯಬೇಕೆಂದು ಬಯಸುವವರಿಗೆ ಮಲೆನಾಡಿನಷ್ಟು ಒಳ್ಳೆಯ ನೆಲ ಇನ್ನೊಂದಿಲ್ಲ. ಶರಾವತಿ, ಕಾಳಿ, ಭದ್ರಾ ಹೀಗೆ ಒಂದೊಂದು ನದಿಯ ಅಣೆಕಟ್ಟಿನ ಹಿಂದೆಯೂ ನೂರಾರು ಕವಲುಗಳಾಗಿ ಚಾಚಿಕೊಂಡ ಹಿನ್ನೀರಿದೆ, ಅದರ ಬೆನ್ನಿಗೇ ಕಾಡಿದೆ. ಆದರೆ ಕಣ್ಣಿಗೆ ಖಾಲಿ ಕಾಣುವ ದಂಡೆಯೆಲ್ಲ ಟೆಂಟ್ ಹಾಕಬಹುದಾದ ಜಾಗವಲ್ಲ. ಬಹುಪಾಲು ದಂಡೆ ಮೀಸಲು ಅರಣ್ಯಕ್ಕೋ ವನ್ಯಜೀವಿಧಾಮಕ್ಕೋ ಸೇರಿದ್ದು, ಉಳಿದದ್ದರಲ್ಲಿ ಹೆಚ್ಚಿನದು ಜಲಾಶಯದ ಆಡಳಿತಕ್ಕೆ ಅಥವಾ ಯಾರದೋ ತೋಟಕ್ಕೆ ಸೇರಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ ತಪ್ಪು, ಇನ್ನು ರಾತ್ರಿ ತಂಗುವ ಮಾತಂತೂ ದೂರ. ಆದ್ದರಿಂದ ಹುಡುಕಾಟವನ್ನು ಅನುಮತಿ ಇರುವ ದಂಡೆಗಳಿಂದಲೇ ಆರಂಭಿಸಬೇಕು. ಅಂಥ ದಂಡೆಯಲ್ಲಿ ಏಕಾಂತವನ್ನು ಪಡೆಯುವುದು ತಿಂಗಳು, ವಾರ ಮತ್ತು ಜಾಗದ ಆಯ್ಕೆಗೆ ಬಿಟ್ಟದ್ದು.

ನಾನು ಹೆಚ್ಚಾಗಿ ಬಲ್ಲದ್ದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಡೆಯ ಶರಾವತಿ ಹಿನ್ನೀರನ್ನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಹಳ್ಳಿಗಳು, ಗದ್ದೆಗಳು, ಹಳೆಯ ಹಿರೇಭಾಸ್ಕರ ಅಣೆಕಟ್ಟು ಎಲ್ಲವೂ ನೀರಿನಡಿಗೆ ಹೋದವು. ಗುಡ್ಡಗಳ ನೆತ್ತಿಗಳು ಮಾತ್ರ ನಡುಗಡ್ಡೆಗಳಾಗಿ ಉಳಿದವು. ಈ ನೀರು ಅನೇಕರ ಮನೆ ಮತ್ತು ಹೊಲವನ್ನು ನುಂಗಿ ನಿಂತಿದೆ ಎಂಬುದು ದಂಡೆಯಲ್ಲಿ ಕೂರುವವರ ನೆನಪಿನಲ್ಲಿರಬೇಕೆಂದು ನನ್ನ ಆಸೆ. ರೈಲುಮಾರ್ಗದ ಕೊನೆಯ ನಿಲ್ದಾಣವಾದ ತಾಳಗುಪ್ಪದಲ್ಲಿ ಇಳಿದು ತಲುಪಬಹುದಾದ ಹೊನ್ನೆಮರಡು, ಕಾರ್ಗಲ್ ಸಮೀಪದ ಮುಪ್ಪಾನೆ ಇವೆರಡೂ ವ್ಯವಸ್ಥಿತ ಶಿಬಿರಗಳಿರುವ ದಂಡೆಗಳು. ನದಿಯ ದಂಡೆಯೇ ಬೇಕೆನ್ನುವವರಿಗೆ ಕುದುರೆಮುಖದಲ್ಲಿ ಭದ್ರಾ ನದಿಯ ಪಕ್ಕ ಅರಣ್ಯ ಇಲಾಖೆಯ ಭಗವತಿ ಪ್ರಕೃತಿ ಶಿಬಿರವಿದೆ. ಅಲ್ಲಿಂದ ಕುರಿಂಜಾಲು, ಗಂಗಡಿಕಲ್ಲು ಗುಡ್ಡಗಳ ಚಾರಣ ಅರ್ಧ ದಿನದ ಕೆಲಸ. ಆ ಭಾಗದ ಚಾರಣಗಳಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಟಿಕೆಟ್ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ವಾರಾಂತ್ಯದ ಟಿಕೆಟ್ ಬೇಗ ಮುಗಿಯುತ್ತದೆ. ಮೊದಲು ಚಾರಣದ ಟಿಕೆಟ್, ಆಮೇಲೆ ಶಿಬಿರದ ಕಾಯ್ದಿರಿಸುವಿಕೆ, ಕೊನೆಗೆ ಬಸ್ಸು ಅಥವಾ ರೈಲು ಎಂಬ ಕ್ರಮವನ್ನು ಇಟ್ಟುಕೊಂಡರೆ ಹಣ ಕಳೆದುಕೊಳ್ಳುವ ಪ್ರಸಂಗ ಬರುವುದಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಅನೇಕ ಚಾರಣದ ಹಾದಿಗಳನ್ನು ಮುಚ್ಚುತ್ತಾರೆಂಬುದನ್ನೂ ಗಮನದಲ್ಲಿಡಿ.

ಶಿಬಿರವೂ ಬೇಡ, ಇನ್ನೂ ಒಂಟಿಯಾಗಿರಬೇಕು ಎನ್ನುವವರಿಗೆ ಉಳಿಯುವ ಒಳ್ಳೆಯ ದಾರಿ ಎಂದರೆ ಹಿನ್ನೀರಿಗೆ ತಾಗಿದಂತೆ ಸ್ವಂತ ಜಮೀನಿರುವ ಕೃಷಿಕರ ಮನೆಯನ್ನು ಹುಡುಕುವುದು. ಉಪಗ್ರಹ ನಕ್ಷೆಯನ್ನು ಹಿಗ್ಗಿಸಿ ನೋಡಿದರೆ ಅಡಿಕೆ ತೋಟದ ದಟ್ಟ ಹಸಿರು ಪಟ್ಟಿ, ಅದರ ಪಕ್ಕದ ಒಂದೆರಡು ಹೆಂಚಿನ ಮನೆ, ಕೆಳಗೆ ನೀರಿನ ಕವಲು, ಮೇಲೆ ಬೋಳು ಬ್ಯಾಣ (ಹುಲ್ಲು ಬೆಳೆಯುವ ಗುಡ್ಡದ ಬಯಲು) ಸ್ಪಷ್ಟವಾಗಿ ಕಾಣುತ್ತವೆ. ಡಾಂಬರು ರಸ್ತೆ ಮುಗಿದು ಕನಿಷ್ಠ ಒಂದೆರಡು ಕಿಲೋಮೀಟರ್ ಮಣ್ಣಿನ ದಾರಿ ಇರುವ ಕವಲನ್ನೇ ಆರಿಸಿ, ಏಕೆಂದರೆ ಗದ್ದಲ ಮಾಡುವ ಗುಂಪುಗಳು ಕಾರು ನಿಲ್ಲುವ ಜಾಗದಿಂದ ಹೆಚ್ಚು ದೂರ ನಡೆಯುವುದಿಲ್ಲ. ಬಳಿಕ ಆ ಊರಿನ ಗ್ರಾಮ ಪಂಚಾಯಿತಿಗೋ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೋ ಹೋಗಿ, ಆ ದಂಡೆ ಯಾರಿಗೆ ಸೇರಿದ್ದು, ಅಲ್ಲಿ ತಂಗಬಹುದೇ, ಮೇಲಿನ ಗುಡ್ಡಕ್ಕೆ ಹತ್ತಲು ಪರವಾನಗಿ ಬೇಕೇ ಎಂದು ಕೇಳಿ. ಮನೆಯವರನ್ನು ಕೇಳುವಾಗ ‘ಅಮ್ಮಾ, ನಿಮ್ಮ ಜಾಗದಲ್ಲಿ ಒಂದು ರಾತ್ರಿ ಟೆಂಟ್ ಹಾಕಿಕೊಳ್ಳಬಹುದೇ?’ ಎಂದು ಹಗಲಿರುವಾಗಲೇ ಹೋಗಿ ಕೇಳಬೇಕು. ಕತ್ತಲಾದ ಮೇಲೆ ಬ್ಯಾಟರಿ ಹಿಡಿದು ಅಂಗಳಕ್ಕೆ ಬಂದು ನಿಂತವರಿಗೆ ಯಾರಾದರೂ ಹೂಂ ಎನ್ನಲು ಹಿಂಜರಿಯುತ್ತಾರೆ. ಊಟ ಅವರಲ್ಲೇ ಮಾಡಿ, ಒಪ್ಪಿಕೊಂಡ ಹಣವನ್ನು ಮೊದಲೇ ಕೊಟ್ಟುಬಿಡಿ.

ಹಿನ್ನೀರಿನ ದಂಡೆ ತಿಂಗಳಿಂದ ತಿಂಗಳಿಗೆ ಜಾಗ ಬದಲಾಯಿಸುತ್ತದೆ ಎಂಬುದನ್ನು ಹೊಸಬರು ಸಾಮಾನ್ಯವಾಗಿ ಊಹಿಸಿರುವುದಿಲ್ಲ. ಲಿಂಗನಮಕ್ಕಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಒಳ್ಳೆಯ ಮಳೆಯಾದ ವರ್ಷ ಮಳೆಗಾಲದ ಕೊನೆಗೆ ನೀರು ಆ ಮಟ್ಟದ ಸಮೀಪಕ್ಕೆ ಬಂದು ಹುಲ್ಲಿನ ಅಂಚನ್ನೇ ಮುಟ್ಟುತ್ತದೆ. ವಿದ್ಯುತ್ತಿಗಾಗಿ ನೀರು ಬಿಡುತ್ತ ಹೋದಂತೆ ಮಾರ್ಚ್ ಹೊತ್ತಿಗೆ ಅದೇ ಜಾಗದಲ್ಲಿ ನಿಂತರೆ ಎದುರಿಗೆ ಕೆಂಪು ಕೆಸರಿನ ಬಯಲು, ಅದರಲ್ಲಿ ಮುಳುಗಡೆಯ ಕಾಲದ ಕಪ್ಪು ಮರದ ಬೊಡ್ಡೆಗಳು, ನೀರು ಅದರಾಚೆಗೆ. ಮಳೆಗಾಲದಲ್ಲಿ ದಿನಪತ್ರಿಕೆಗಳು ಅಚ್ಚು ಮಾಡುವ ‘ಜಲಾಶಯಗಳ ನೀರಿನ ಮಟ್ಟ’ದ ಪಟ್ಟಿಯನ್ನು ನಾನು ಈ ಕಾರಣಕ್ಕಾಗಿಯೇ ನೋಡುತ್ತೇನೆ. ಇಂದಿನ ಮಟ್ಟ ಮತ್ತು ಗರಿಷ್ಠ ಮಟ್ಟದ ಅಂತರ ಕೆಲವೇ ಅಡಿಗಳಿದ್ದರೆ ದಂಡೆ ಹಸಿರಾಗಿರುತ್ತದೆ. ಅಂತರ ಹೆಚ್ಚಿದ್ದರೆ ಕಡಿದಾದ ಇಳಿಜಾರಿನ ಕವಲನ್ನು ಆರಿಸಬೇಕು, ಅಲ್ಲಿ ನೀರು ಇಳಿದರೂ ಹೆಚ್ಚು ದೂರ ಸರಿಯುವುದಿಲ್ಲ. ನನ್ನ ಮಟ್ಟಿಗೆ ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗಿನ ಸೋಮವಾರದಿಂದ ಗುರುವಾರದ ದಿನಗಳಷ್ಟು ಪ್ರಶಸ್ತವಾದ ಕಾಲ ಬೇರೆ ಇಲ್ಲ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗಿನ ವಾರವನ್ನು ಮಾತ್ರ ಬಿಟ್ಟುಬಿಡಿ.

ನೀರಿಗೆ ಎಷ್ಟು ಹತ್ತಿರ ಮಲಗಬೇಕು ಎಂಬುದನ್ನು ನಾನು ಕಲಿತದ್ದು ಒಂದು ಅಕ್ಟೋಬರಿನ ಮೊದಲ ವಾರದಲ್ಲಿ. ಸಂಜೆ ನೀರಿನಿಂದ ಏಳೆಂಟು ಹೆಜ್ಜೆ ದೂರದಲ್ಲಿ, ಸಪಾಟಾಗಿದೆಯೆಂದು ನಂಬಿ ಟೆಂಟ್ ಹಾಕಿದ್ದೆವು. ನಮಗೆ ಮಳೆಯ ಒಂದು ಹನಿಯೂ ಬೀಳಲಿಲ್ಲ, ಆದರೆ ಮೇಲ್ಗಡೆ ಹೊಸನಗರದ ಕಡೆ ಸುರಿದಿರಬೇಕು. ಜೊತೆಗೆ ರಾತ್ರಿ ಗಾಳಿಯೂ ಎದ್ದಿತು. ಬೆಳಗಿನ ಜಾವ ಕಾಲ ಬಳಿ ಕಂಬಳಿ ತಣ್ಣಗೆ ಭಾರವಾದಂತಾಗಿ ಎದ್ದು ನೋಡಿದರೆ ಟೆಂಟಿನ ಒಂದು ಮೂಲೆ ನೀರಿನಲ್ಲಿತ್ತು, ನನ್ನ ಒಂದು ಚಪ್ಪಲಿ ತೇಲುತ್ತಿತ್ತು. ನಾವು ಟೆಂಟ್ ಹಾಕಿದ್ದ ಜಮೀನಿನ ಮನೆಯ ಅಜ್ಜಿ ಬಂದು ದಂಡೆಯ ಮೇಲೆ ಗೆರೆಯಂತೆ ಸಾಲಾಗಿ ಬಿದ್ದಿದ್ದ ಒಣಕಡ್ಡಿ, ತರಗೆಲೆ, ಒಣಗಿದ ನೊರೆಯ ಕಂದು ಪದರವನ್ನು ತೋರಿಸಿ, ‘ನೀರು ಹಿಂದೆ ಇಲ್ಲೀತನಕ ಬಂದು ಹೋಗಿದೆ ಮಗಾ, ಇದರ ಕೆಳಗೆ ಮಲಗಬಾರದು’ ಎಂದರು. ಅಂದಿನಿಂದ ಟೆಂಟಿನ ಗೂಟ ಹೊಡೆಯುವ ಮೊದಲು ಆ ಕಡ್ಡಿಯ ಗೆರೆಯನ್ನು ಹುಡುಕಿ, ಅದಕ್ಕಿಂತ ಎರಡಾಳು ಎತ್ತರದ ದಿಬ್ಬವನ್ನು ಆರಿಸುತ್ತೇನೆ. ಅಣೆಕಟ್ಟಿನ ಕೆಳಗಿನ ನದಿಗಳಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ಬಿಟ್ಟ ನೀರಿನಿಂದಲೇ ಕಾಳಿ ನದಿ ಏರುವುದು, ಇಳಿಯುವುದು. ದಾಂಡೇಲಿಯ ಕಡೆ ಅದೇ ನದಿಯಲ್ಲಿ ಮೊಸಳೆಗಳೂ ಇವೆ. ಕಾವೇರಿ, ಕಬಿನಿ ತೀರಗಳು ಆನೆಗಳು ನೀರಿಗಿಳಿಯುವ ದಾರಿಗಳಾದ್ದರಿಂದ ಅಲ್ಲಿ ಅಧಿಕೃತ ಶಿಬಿರದ ಬೇಲಿಯಾಚೆ ಟೆಂಟ್ ಹಾಕುವ ವಿಚಾರವನ್ನೇ ಮಾಡಬಾರದು. ಹಿನ್ನೀರಿನಲ್ಲಿ ಈಜು ಬಲ್ಲವರೂ ಜೀವರಕ್ಷಕ ಜಾಕೆಟ್ಟಿಲ್ಲದೆ ಇಳಿಯಬೇಡಿ: ಕೆಳಗೆ ಬೊಡ್ಡೆಗಳಿವೆ, ಹೂಳಿದೆ, ಮೊಣಕಾಲುದ್ದದ ನೀರು ಒಮ್ಮೆಲೇ ಆಳವಾಗುವ ಹಳೆಯ ಹಳ್ಳಗಳಿವೆ.

ಚಾರಣದ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಮಂಗನ ಕಾಯಿಲೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಉಣುಗಿನ (ಮೈಗೆ ಅಂಟಿಕೊಂಡು ರಕ್ತ ಹೀರುವ ಸಣ್ಣ ಹುಳುವಿನ) ಕಡಿತದಿಂದ ಹರಡುತ್ತದೆ. ಇದರ ಕಾಲ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ನಾವು ಟೆಂಟ್ ಹೊತ್ತು ಹೊರಡುವ ಕಾಲವೇ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಇದರಿಂದ ಹಲವರು ತೀರಿಕೊಂಡರು. ಹೊರಡುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ವರ್ಷ ಪ್ರಕರಣಗಳು ಕಂಡಿವೆಯೇ ಎಂದು ವಿಚಾರಿಸಿ, ಕಂಡಿದ್ದರೆ ಬೇರೆ ಜಾಗ ಹುಡುಕಿ. ಕಾಡಿನಲ್ಲಿ ನಡೆಯುವಾಗ ತುಂಬು ತೋಳಿನ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಆರೋಗ್ಯ ಇಲಾಖೆಯವರು ಕೊಡುವ ಉಣುಗು ನಿವಾರಕ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಮರಳಿ ಬಂದೊಡನೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಮಿಂದು ಬಟ್ಟೆ ಬದಲಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಸಿಬ್ಬಂದಿಗೋ ತಿಳಿಸಿ. ಮನೆಗೆ ಮರಳಿದ ಮೇಲಿನ ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಮಲೆನಾಡಿನ ಕಾಡಿಗೆ ಹೋಗಿದ್ದೆವೆಂದು ತಪ್ಪದೆ ಹೇಳಬೇಕು, ಏಕೆಂದರೆ ನಗರದ ವೈದ್ಯರಿಗೆ ತಾವಾಗಿಯೇ ಇದರ ಅನುಮಾನ ಬರುವುದು ಕಷ್ಟ. ಇಂಬಳದ (ಜಿಗಣೆಯ) ಕಾಟ ಮಳೆಗಾಲದ್ದು, ಅದರಿಂದ ಪ್ರಾಣಭಯವಿಲ್ಲ. ಸ್ವಲ್ಪ ಉಪ್ಪೋ ಸುಣ್ಣವೋ ಜೊತೆಗಿದ್ದರೆ ಸಾಕು.

ಸಾಮಾನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಡಿಸೆಂಬರಿನ ಹಿನ್ನೀರಿನ ದಂಡೆಯಲ್ಲಿ ಬೀಳುವ ಇಬ್ಬನಿ ಮಳೆಯಷ್ಟೇ ತೋಯಿಸುತ್ತದೆಯಾದ್ದರಿಂದ ಟೆಂಟಿಗೆ ಹೊರ ಹೊದಿಕೆ, ಕೆಳಗೆ ಹಾಸಲು ದಪ್ಪ ಟಾರ್ಪಾಲು ಮತ್ತು ಒಂದು ಕಂಬಳಿ ಬೇಕೇ ಬೇಕು. ಅಡುಗೆಗೆ ಸಣ್ಣ ಗ್ಯಾಸ್ ಒಲೆ ಒಯ್ಯಿರಿ, ಒಣಹುಲ್ಲಿನ ಬ್ಯಾಣದ ಬಳಿ ಬೆಂಕಿ ಹಾಕಬೇಡಿ. ಹಿನ್ನೀರನ್ನು ಕುದಿಸದೆ ಕುಡಿಯಬೇಡಿ. ಬಹಿರ್ದೆಸೆಗೆ ನೀರಿನಿಂದ ಎಪ್ಪತ್ತು ಎಂಬತ್ತು ಹೆಜ್ಜೆ ದೂರ ಹೋಗಿ ಗೇಣುದ್ದದ ಗುಂಡಿ ತೋಡಿ ಮುಚ್ಚಬೇಕು. ಪಾತ್ರೆ ತೊಳೆದ ಸಾಬೂನಿನ ನೀರನ್ನೂ ದಂಡೆಯಿಂದ ಅಷ್ಟೇ ದೂರ ಚೆಲ್ಲಬೇಕು. ಮೊಬೈಲ್ ಸಿಗ್ನಲ್ ಅನೇಕ ಕವಲುಗಳಲ್ಲಿ ಸಿಗುವುದಿಲ್ಲ, ಆದ್ದರಿಂದ ಯಾವ ಗುಡ್ಡಕ್ಕೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂಬುದನ್ನು ಮನೆಯವರಿಗೆ ಅಥವಾ ಶಿಬಿರದವರಿಗೆ ಹೇಳಿಯೇ ಹೊರಡಿ, ಮತ್ತು ಸಂಜೆ ಐದರೊಳಗೆ ದಂಡೆಗೆ ಮರಳಿ. ಡಿಸೆಂಬರಿನಲ್ಲಿ ಆರೂವರೆಯ ಹೊತ್ತಿಗೆಲ್ಲ ಕಾಲುದಾರಿ ಕಣ್ಣಿಗೆ ಕಾಣುವುದಿಲ್ಲ.