ಸಣ್ಣ ಟೆಕ್ ಷೇರಿನ ಚಾರ್ಟು: ರೇಟಿಗಿಂತ ಮೊದಲು ವಾಲ್ಯೂಮ್ ನೋಡಿ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಒಂದು ಲಾಟಿಗೆ ಹತ್ತು ಮಂದಿ ಟೆಂಡರ್ ಹಾಕಿದರೆ ಬಂದ ರೇಟನ್ನು ನಂಬಬಹುದು. ಇಬ್ಬರೇ ಹಾಕಿದ್ದರೆ ಮಾಲು ತಂದವರು ಯೋಚನೆಗೆ ಬೀಳುತ್ತಾರೆ. ಸಣ್ಣ ಸಾಫ್ಟ್‌ವೇರ್ ಕಂಪನಿಯ ಷೇರಿನ ಚಾರ್ಟು ಓದುವಾಗಲೂ ಅದೇ ಅನುಮಾನ ಇರಲಿ: ರೇಟಿನ ಹಿಂದೆ ಎಷ್ಟು ವಾಲ್ಯೂಮ್ ಇದೆ, ಅಂದರೆ ಎಷ್ಟು ಷೇರು ಕೈಬದಲಾಗಿದೆ ಎಂದು ನೋಡಿ.

ಮೊದಲು ದಿನದ ಕ್ಯಾಂಡಲ್ ಚಾರ್ಟು (ಒಂದೊಂದು ದಿನದ ಏರಿಳಿತವನ್ನು ಒಂದೊಂದು ಕಂಬವಾಗಿ ತೋರಿಸುವುದು) ತೆರೆಯಿರಿ. ಐದು ನಿಮಿಷದ ಚಾರ್ಟು ಬೇಡ. ವಹಿವಾಟೇ ಇಲ್ಲದ ಹೊತ್ತಿನಲ್ಲಿ ಅದರ ತುಂಬ ಗ್ಯಾಪು. ಬೋನಸ್, ಸ್ಪ್ಲಿಟ್‌ಗೆ ಹೊಂದಿಸಿದ ರೇಟೇ ಕಾಣುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ 1:1 ಬೋನಸ್ (ಒಂದು ಷೇರಿಗೆ ಒಂದು ಷೇರು ಉಚಿತ) ಬಂದ ದಿನ ಷೇರು ಅರ್ಧಕ್ಕೆ ಕುಸಿದಂತೆ ಕಾಣುತ್ತದೆ.

ಕೆಳಗೆ ವಾಲ್ಯೂಮ್, ಅದರ ಮೇಲೆ 20 ದಿನದ ಸರಾಸರಿ ಹಾಕಿ. ಒಂದು ಕಾಲ್ಪನಿಕ ಷೇರು ಮೂರು ತಿಂಗಳಿಂದ 120 ಮತ್ತು 140 ರೂಪಾಯಿ ನಡುವೆ ಆಡುತ್ತಿದೆ, ಸರಾಸರಿ ವಾಲ್ಯೂಮ್ 40 ಸಾವಿರ ಎನ್ನೋಣ. ಒಂದು ದಿನ 1.30 ಲಕ್ಷ ಷೇರು ಕೈಬದಲಾಗಿ 146ಕ್ಕೆ ಮುಗಿದರೆ 140ರ ತಡೆ ಮುರಿದಿದೆ ಎನ್ನಬಹುದು. ಹದಿನೈದು ಸಾವಿರ ಷೇರಿಗೇ ಅಷ್ಟು ಏರಿದ್ದರೆ ಸುಮ್ಮನೆ ಕಾಯಿರಿ. ಡೆಲಿವರಿ ಶೇಕಡಾವಾರನ್ನೂ, ಅಂದರೆ ಅದೇ ದಿನ ಮಾರದೆ ಕೊಂಡವರ ಖಾತೆಗೆ ಹೋದ ಷೇರಿನ ಪಾಲನ್ನೂ, ನೋಡುವವರಿದ್ದಾರೆ. ಆದರೆ ಎನ್‌ಎಸ್‌ಇಯ ಬಿಇ ಸರಣಿಯಲ್ಲಿ (ಅದೇ ದಿನ ಕೊಂಡು ಮಾರಲು ಬಿಡದ ಷೇರುಗಳ ಗುಂಪು) ಡೆಲಿವರಿ ಕಡ್ಡಾಯ, ಅಲ್ಲಿ ಆ ಅಂಕಿ ಏನನ್ನೂ ಹೇಳದು. ಆರ್‌ಎಸ್‌ಐ (ಏರಿಳಿತದ ವೇಗವನ್ನು 0ಯಿಂದ 100ರಲ್ಲಿ ಅಳೆಯುವ ಸೂಚಕ, 70 ದಾಟಿದರೆ ಅತಿಯಾಗಿ ಏರಿದೆ ಎನ್ನುತ್ತಾರೆ) ಕೂಡ ಅಷ್ಟಕ್ಕಷ್ಟೇ: ಸಾಲಾಗಿ ಅಪ್ಪರ್ ಸರ್ಕ್ಯೂಟ್ (ಒಂದು ದಿನದಲ್ಲಿ ಏರಬಹುದಾದ ಗರಿಷ್ಠ ಮಿತಿ) ಹೊಡೆಯುವ ಷೇರಿನಲ್ಲಿ ಅದು 70 ದಾಟಿ ವಾರಗಟ್ಟಲೆ ಅಲ್ಲೇ ಕೂರುತ್ತದೆ.

ಹೆಚ್ಚಿನವರು ಎಡವುವುದು ನಷ್ಟಕ್ಕೆ ಮಿತಿ ಹಾಕಲು ಮೊದಲೇ ಇಡುವ ಮಾರಾಟದ ಆರ್ಡರಿನಲ್ಲಿ, ಅಂದರೆ ಸ್ಟಾಪ್‌ಲಾಸ್‌ನಲ್ಲಿ. ಒಂದು ಲಕ್ಷದ ಬಂಡವಾಳ, ಒಂದು ವ್ಯವಹಾರದಲ್ಲಿ ಶೇ 1 ಅಂದರೆ ಸಾವಿರ ರೂಪಾಯಿ ಹೋದರೂ ಪರವಾಗಿಲ್ಲ ಎಂದಿಟ್ಟುಕೊಳ್ಳಿ. 146ಕ್ಕೆ ಕೊಂಡು 136ಕ್ಕೆ ಸ್ಟಾಪ್ ಇಟ್ಟರೆ ಷೇರಿಗೆ ಹತ್ತು ರೂಪಾಯಿ, ಹಾಗಾಗಿ ನೂರು ಷೇರು. ಪುಸ್ತಕದ ಲೆಕ್ಕ ಇದು. ಷೇರಿಗೆ ಶೇ 5ರ ಸರ್ಕ್ಯೂಟ್ ಇದ್ದರೆ ಮೊದಲ ದಿನ 138.70ರಲ್ಲಿ ಲೋವರ್ ಸರ್ಕ್ಯೂಟ್ ಬೀಳುತ್ತದೆ, ನಿಮ್ಮ ಸ್ಟಾಪ್ ಇನ್ನೂ ಕೆಳಗಿರುತ್ತದೆ. ಮರುದಿನ ಬಾಗಿಲು ತೆಗೆಯುವಾಗಲೇ 131.80ರ ಸುಮಾರಿಗೆ ಲಾಕ್! ಸ್ಟಾಪ್ ಎದ್ದರೂ ಕೊಳ್ಳುವವರಿಲ್ಲ, ಆರ್ಡರ್ ಸಾಲಿನಲ್ಲಿ ನಿಂತೇ ಇರುತ್ತದೆ. ಆದ್ದರಿಂದ ಎರಡು ಸರ್ಕ್ಯೂಟ್‌ನ ನಷ್ಟವನ್ನೇ, ಅಂದರೆ ಷೇರಿಗೆ ಸುಮಾರು 14.25 ರೂಪಾಯಿ ಹಿಡಿದು ಲೆಕ್ಕ ಹಾಕಿ. ಎಪ್ಪತ್ತು ಷೇರು ಸಾಕು. ಮೂರನೇ ಸರ್ಕ್ಯೂಟೂ ಬಿದ್ದರೆ ಈ ಲೆಕ್ಕವೂ ಕಾಯದು.

ಕೊಳ್ಳುವಾಗ ಲಿಮಿಟ್ ಆರ್ಡರೇ ಹಾಕಿ, ಅಂದರೆ ಇಷ್ಟಕ್ಕಿಂತ ಹೆಚ್ಚು ಕೊಡೆ ಎಂದು ರೇಟು ನಮೂದಿಸಿ. ಕೊಳ್ಳುವವರು ಕೊಡುವ ಬೆಲೆ 144, ಮಾರುವವರು ಕೇಳುವ ಬೆಲೆ 147 ಎಂದಿರುವಾಗ ಸಿಕ್ಕ ರೇಟಿಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಒತ್ತಿದರೆ ಒತ್ತಿದ ಕ್ಷಣವೇ ಮೂರು ರೂಪಾಯಿ ಕಳೆದಂತೆ. ಷೇರು ಎಎಸ್‌ಎಂ ಅಥವಾ ಜಿಎಸ್‌ಎಂ ನಿಗಾ ಪಟ್ಟಿಯಲ್ಲಿದೆಯೇ (ವಿನಿಮಯ ಕೇಂದ್ರ ಹೆಚ್ಚಿನ ಕಟ್ಟುಪಾಡು ಹಾಕುವ ಷೇರುಗಳ ಪಟ್ಟಿ) ಎಂದು ವಿನಿಮಯ ಕೇಂದ್ರದ ತಾಣದಲ್ಲಿ ನೋಡಿಕೊಳ್ಳಿ.

ಫಲಿತಾಂಶದ ದಿನಾಂಕವನ್ನೂ ಗುರುತು ಹಾಕಿಕೊಳ್ಳಿ. ತ್ರೈಮಾಸಿಕ ಮುಗಿದ 45 ದಿನದೊಳಗೆ, ಮಾರ್ಚ್ ತ್ರೈಮಾಸಿಕಕ್ಕೆ 60 ದಿನದೊಳಗೆ ಅದು ಬರಬೇಕು. ಫಲಿತಾಂಶ ಬಂದರೆ, ಹಿಂದಿನ ಸಂಜೆ ಚಾರ್ಟಿನ ಮೇಲೆ ಎಳೆದ ತಡೆಯ ಗೆರೆ ಬೆಳಿಗ್ಗೆ ಪೇಟೆ ತೆರೆಯುವ 9.15ಕ್ಕೆ ಕೆಲಸಕ್ಕೆ ಬಾರದೆ ಹೋಗಬಹುದು. ಆ ದಿನ ಮುಗಿದ ಮೇಲೆ ಹೊಸದಾಗಿ ಎಳೆಯಿರಿ.